ಕಾರು ಕೊಳ್ಳುವ ಮುನ್ನ ಕಣ್ಣು ಮುಚ್ಚಿ ತಡಕಿ ನೋಡಿ

ಜೋರು ಮಳೆ. ಕಾರಿನೊಳಗೆ ಐದು ಜನ, ಗಾಜೆಲ್ಲ ಏರಿಸಿದೆ. ನೋಡನೋಡುತ್ತಿದ್ದಂತೆ ಮುಂದಿನ ಗಾಜಿಗೆ ಒಳಗಡೆಯಿಂದ ಮಂಜು ಕಟ್ಟುತ್ತದೆ. ಆಗ ಓಡಿಸುವವರು ನಾಲ್ಕು ಕೆಲಸ ಮಾಡಬೇಕು. ಗಾಳಿಯನ್ನು ಗಾಜಿನ ಕಡೆ ತಿರುಗಿಸಬೇಕು, ಬ್ಲೋವರ್ ಜೋರು ಮಾಡಬೇಕು, ತೇವ ಹೀರಿಕೊಳ್ಳಲು ಎಸಿ ಹಾಕಬೇಕು, ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ಅದನ್ನು ನಿಲ್ಲಿಸಿ ಹೊರಗಿನ ಗಾಳಿ ಬಿಡಬೇಕು. ಮೂರು ನಾಬ್, ಎರಡು ಬಟನ್ ಇರುವ ಸಾದಾ ಪ್ಯಾನೆಲ್‌ನಲ್ಲಿ ಇದನ್ನೆಲ್ಲ ಕೈ ತಾನಾಗಿಯೇ ಮಾಡಿ ಮುಗಿಸುತ್ತದೆ. ಇದೇ ಕೆಲಸ ಸ್ಕ್ರೀನ್‌ನ ಮೆನುವಿನೊಳಗೆ ಹೂತುಹೋಗಿದ್ದರೆ, ರಸ್ತೆ ಸರಿಯಾಗಿ ಕಾಣದ ಹೊತ್ತಿನಲ್ಲೇ ಕಣ್ಣನ್ನು ರಸ್ತೆಯಿಂದ ಕೀಳಬೇಕಾಗುತ್ತದೆ. ಮನೆಮಂದಿಗೆಲ್ಲ ಆಗುವ ಕಾರು ಹುಡುಕುವವರು ಮೈಲೇಜ್, ಡಿಕ್ಕಿಯ ಜಾಗ ವಿಚಾರಿಸುವಷ್ಟೇ ಮುತುವರ್ಜಿಯಿಂದ ಡ್ಯಾಶ್‌ಬೋರ್ಡ್ ಅನ್ನೂ ಪರೀಕ್ಷೆ ಮಾಡಬೇಕು ಎನ್ನುವುದು ಇದಕ್ಕೇ.

ಲೆಕ್ಕ ಸುಲಭ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ 44 ಮೀಟರ್ ಕುರುಡಾಗಿ ಓಡಿಸಿದ ಹಾಗೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯೂ ಈ ಎರಡು ಸೆಕೆಂಡನ್ನೇ ಹಿಡಿದಿದೆ. ಒಂದು ನೋಟ ಎರಡು ಸೆಕೆಂಡ್ ದಾಟಬಾರದು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡಿಗಿಂತ ಹೆಚ್ಚು ನೋಡುವ ಹಾಗಿರಬಾರದು. 2022ರಲ್ಲಿ ಸ್ವೀಡನ್ನಿನ ವಿ ಬಿಲೆಗಾರೆ ಪತ್ರಿಕೆ 110 ಕಿ.ಮೀ. ವೇಗದಲ್ಲಿ ಹನ್ನೊಂದು ಹೊಸ ಕಾರುಗಳನ್ನೂ 2005ರ ಒಂದು ವೋಲ್ವೋ ವಿ70 ಕಾರನ್ನೂ ಪರೀಕ್ಷೆಗೆ ಹಚ್ಚಿತು. ತಾಪಮಾನ, ರೇಡಿಯೋ ಮುಂತಾಗಿ ನಾಲ್ಕು ದಿನನಿತ್ಯದ ಕೆಲಸಗಳು. ಬಟನ್‌ಗಳ ಹಳೆಯ ವೋಲ್ವೋದಲ್ಲಿ ಅವು 10 ಸೆಕೆಂಡಿನಲ್ಲಿ ಮುಗಿದವು, ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ ಸುಮಾರು 45 ಸೆಕೆಂಡ್ ಬೇಕಾಯಿತು. ಅಂದರೆ 1,372 ಮೀಟರ್. ಅದೂ ಚಾಲಕರಿಗೆ ಮೊದಲೇ ಕಾರಿನ ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟ ಮೇಲೆ.

ಹಾಗಾದರೆ ಯಾವುದಕ್ಕೆ ಬಟನ್ ಬೇಕು? ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಹಝಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆಯ ಎಸ್‌ಒಎಸ್ ಈ ಐದಕ್ಕೆ ಕೈಗೆ ಸಿಗುವ ಬಟನ್ ಅಥವಾ ಲಿವರ್ ಇಲ್ಲದ ಕಾರಿಗೆ ಪೂರ್ತಿ ಅಂಕ ಕೊಡುವುದಿಲ್ಲ. ಒಳ್ಳೆಯ ಹೆಜ್ಜೆ, ಆದರೆ ಮನೆಯ ಕಾರಿಗೆ ಇಷ್ಟು ಸಾಲದು. ಬ್ಲೋವರ್ ವೇಗ, ತಾಪಮಾನ, ಮುಂದಿನ ಮತ್ತು ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್, ಹೆಡ್‌ಲೈಟ್, ಫಾಗ್ ಲೈಟ್, ವಾಲ್ಯೂಮ್, ಪಕ್ಕದ ಕನ್ನಡಿ, ನಾಲ್ಕೂ ಕಿಟಕಿ, ಇವುಗಳಿಗೂ ಸ್ವಂತ ಸ್ವಿಚ್ ಇರಬೇಕು. ಗಾಳಿ ಬರುವ ಎಸಿ ವೆಂಟ್‌ಗಳನ್ನು ಸ್ಕ್ರೀನ್ ಮೇಲೆ ಬೆರಳೆಳೆದು ತಿರುಗಿಸುವ ಕಾರುಗಳೂ ಇವೆ, ಅದು ಬೇಡ. ಸೌಂಡ್ ಸೆಟ್ಟಿಂಗ್, ಫೋನ್ ಜೋಡಣೆ, ಗಡಿಯಾರ, ಮ್ಯಾಪ್ ಸ್ಕ್ರೀನ್‌ನಲ್ಲಿದ್ದರೆ ತೊಂದರೆಯಿಲ್ಲ. ಮ್ಯಾಪ್‌ಗೆ ಸ್ಕ್ರೀನೇ ಸರಿಯಾದ ಜಾಗ.

ಶೋರೂಂನಲ್ಲಿ ಇದನ್ನು ಪರೀಕ್ಷಿಸಲು ಇಪ್ಪತ್ತು ನಿಮಿಷ ಸಾಕು. ನಿಂತ ಕಾರಿನಲ್ಲಿ, ಸೀಟನ್ನು ನೀವು ಓಡಿಸುವ ಹಾಗೆಯೇ ಹೊಂದಿಸಿಕೊಂಡು ಕುಳಿತುಕೊಳ್ಳಿ. ಎರಡು ನಿಮಿಷ ಎಲ್ಲವನ್ನೂ ನೋಡಿಕೊಳ್ಳಿ, ಮುಟ್ಟಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ. ಪಕ್ಕದಲ್ಲಿ ಕುಳಿತವರು ಒಂದೊಂದಾಗಿ ಹೇಳಲಿ: ಫ್ಯಾನ್ ಎರಡು ಹಂತ ಏರಿಸು, ಮುಂದಿನ ಗಾಜಿನ ಮಂಜು ತೆಗೆ, ವೈಪರನ್ನು ನಿಧಾನಕ್ಕೆ ಇಡು, ಹಝಾರ್ಡ್ ಹಾಕು, ಹಾಡು ನಿಲ್ಲಿಸು. ಎರಡನೆಯ ಪ್ರಯತ್ನದೊಳಗೆ ಬೆರಳು ಸರಿಯಾದ ಜಾಗಕ್ಕೆ ಹೋದರೆ ಆ ಕಾರು ನಿಮ್ಮ ಕೈಗೆ ಒಗ್ಗುತ್ತದೆ ಎಂದು ಅರ್ಥ. ಇದನ್ನೇ ಮನೆಯಲ್ಲಿ ಆ ಕಾರು ಓಡಿಸುವ ಪ್ರತಿಯೊಬ್ಬರೂ ಮಾಡಬೇಕು. ತೋಳಿನ ಉದ್ದ ಒಬ್ಬೊಬ್ಬರದು ಒಂದೊಂದು ಥರ. ಬಟನ್ ಮುಟ್ಟಲು ಯಾರ ಭುಜವಾದರೂ ಸೀಟಿನ ಬೆನ್ನಿನಿಂದ ಮೇಲೇಳುತ್ತಿದ್ದರೆ ಆ ಬಟನ್ ಅವರ ಪಾಲಿಗೆ ಇಲ್ಲದ ಹಾಗೆಯೇ.

ಕಣ್ಣು ಮುಚ್ಚಿದಾಗ ಗೊತ್ತಾಗುವ ಒಂದು ಸೂಕ್ಷ್ಮವಿದೆ. ಒಂದೇ ಗಾತ್ರದ ಹತ್ತು ಬಟನ್‌ಗಳನ್ನು ಸಾಲಾಗಿ ಜೋಡಿಸಿದ್ದರೆ ಅವೆಲ್ಲ ನಿಜವಾದ ಬಟನ್‌ಗಳೇ ಆದರೂ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಮತ್ತೆ ಕಣ್ಣೇ ಬೇಕಾಗುತ್ತದೆ. ನಾಬ್ ಒಳ್ಳೆಯದು ಎನ್ನುವುದಕ್ಕೆ ಕಾರಣ, ಅದರ ಅಂಚು ಬೆರಳಿಗೆ ಸಿಗುತ್ತದೆ, ತಿರುಗಿಸಿದಾಗ ಟಕ್ ಟಕ್ ಎಂದು ಹಂತ ಎಣಿಸಬಹುದು. ಕೊನೆ ಮುಟ್ಟಿದಾಗ ನಿಲ್ಲುವ ನಾಬ್ ಆದರಂತೂ ಅದು ಎಲ್ಲಿದೆ ಎಂದು ಹಿಡಿದ ಕೂಡಲೇ ಗೊತ್ತು. ಕೊನೆಯಿಲ್ಲದೆ ಸುತ್ತುವ ನಾಬ್‌ಗೆ ಆ ಗುಣ ಇಲ್ಲ. ಎಷ್ಟು ತಿರುಗಿಸಿದ್ದೇವೆಂದು ಸ್ಕ್ರೀನನ್ನೇ ಕೇಳಬೇಕು.

ಬಟನ್ ಹಾಗೆ ಕಾಣುವ, ಬಟನ್ ಅಲ್ಲದ ಜಾಗಗಳ ಬಗ್ಗೆ ಹುಷಾರಾಗಿರಿ. ನುಣುಪಾದ ಕಪ್ಪು ಹಲಗೆಯ ಮೇಲೆ ಚಿತ್ರ ಮಾತ್ರ ಇರುತ್ತದೆ, ಒತ್ತಿದರೆ ಏನೂ ಕೆಳಗಿಳಿಯುವುದಿಲ್ಲ. ಇವು ಬೆರಳಿನ ಸಾಮೀಪ್ಯದಿಂದ ಆಗುವ ವಿದ್ಯುತ್ ಬದಲಾವಣೆಯನ್ನು ಗ್ರಹಿಸಿ ಕೆಲಸ ಮಾಡುತ್ತವೆ. ಹಾಗಾಗಿ ತಡಕಿ ಹುಡುಕಲು ಬೆರಳಿಟ್ಟ ಕ್ಷಣವೇ ಬೇಡದ್ದು ಶುರುವಾಗುತ್ತದೆ, ದಪ್ಪ ಗ್ಲೌಸ್ ಹಾಕಿದರೆ ಕೆಲಸ ಮಾಡದೆ ಇರಬಹುದು, ಒದ್ದೆ ಕೈಗೆ ಒಮ್ಮೊಮ್ಮೆ ಎಡವಟ್ಟು. ಗುರುತು ಹಿಡಿಯುವ ಸುಲಭ ವಿಧಾನ: ಕಾರನ್ನು ಪೂರ್ತಿ ಆಫ್ ಮಾಡಿ ಒತ್ತಿ ನೋಡಿ. ನಿಜವಾದ ಬಟನ್ ಆಗಲೂ ಒಳಗೆ ಹೋಗಿ ವಾಪಸ್ ಬರುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಎಂಟನೆಯ ತಲೆಮಾರಿನ ಗಾಲ್ಫ್‌ನಲ್ಲಿ ತಾಪಮಾನ ಮತ್ತು ವಾಲ್ಯೂಮ್‌ಗೆ ಇಂಥದ್ದೇ ಸ್ಪರ್ಶಪಟ್ಟಿ ಕೊಟ್ಟಿತ್ತು. ಮೊದಮೊದಲು ಅದಕ್ಕೆ ಬೆಳಕೂ ಇರಲಿಲ್ಲ, ರಾತ್ರಿ ಕಾಣುತ್ತಿರಲಿಲ್ಲ. ಆಮೇಲಿನ ಆವೃತ್ತಿಯಲ್ಲಿ ಬೆಳಕು ಬಂತು, ಸ್ಟೇರಿಂಗ್ ಮೇಲೆ ಒತ್ತುವ ಬಟನ್‌ಗಳೂ ಮರಳಿದವು. ವಾಲ್ಯೂಮ್, ಎರಡೂ ಬದಿಯ ತಾಪಮಾನ, ಫ್ಯಾನ್, ಹಝಾರ್ಡ್ ಇವುಗಳಿಗೆ ಮುಂದೆ ನಿಜವಾದ ಬಟನ್‌ಗಳನ್ನೇ ಕೊಡುವುದಾಗಿ ಆ ಕಂಪನಿಯ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಹೇಳಿದರು.

ಎಲ್ಲ ಕಂಪನಿಗಳೂ ಒಂದೇ ದಿಕ್ಕಿಗೆ ಹೊರಟಿಲ್ಲ. ಹಿಂದಿನ ಮಾದರಿಯಲ್ಲಿ ನಾಬ್ ಇತ್ತು ಎಂದ ಮಾತ್ರಕ್ಕೆ ಹೊಸದರಲ್ಲೂ ಇದೆ ಎಂದು ನಂಬಿ ಬುಕ್ ಮಾಡಬೇಡಿ.

ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ. ಸ್ಕ್ರೀನ್ ಸತ್ತರೆ ಏನೇನು ಉಳಿಯುತ್ತದೆ? ಅಮೆರಿಕದಲ್ಲಿ 2021ರಲ್ಲಿ ಟೆಸ್ಲಾ ಸುಮಾರು 1.35 ಲಕ್ಷ ಹಳೆಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನು ರೀಕಾಲ್ ಮಾಡಿತು. ಮತ್ತೆ ಮತ್ತೆ ಬರೆಸಿಕೊಂಡು ಸವೆದ 8 ಜಿಬಿ ಮೆಮೊರಿ ಚಿಪ್ಪಿನಿಂದ ಸ್ಕ್ರೀನ್ ಕಪ್ಪಾಗಿ, ರಿವರ್ಸ್ ಕ್ಯಾಮೆರಾದ ಜೊತೆ ಡಿಫಾಗರ್ ಹಿಡಿತವೂ ಕೈತಪ್ಪುತ್ತಿತ್ತು. ಸಾದಾ ಮ್ಯಾನ್ಯುಯಲ್ ಎಸಿಯೂ ಕೆಡುತ್ತದೆ, ಆದರೆ ಕೆಡುವ ರೀತಿ ಬೇರೆ. ಫ್ಯಾನ್ 1, 2, 3ರಲ್ಲಿ ಓಡದೆ 4ರಲ್ಲಿ ಮಾತ್ರ ಓಡಿದರೆ ಬಹುಮಟ್ಟಿಗೆ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ ಎಂದು ತಿಳಿಯಬಹುದು. ಅತಿ ಹೆಚ್ಚಿನ ವೇಗಕ್ಕೆ ಕರೆಂಟ್ ರೆಸಿಸ್ಟರ್ ದಾಟದೆ ನೇರವಾಗಿ ಮೋಟರಿಗೆ ಹೋಗುತ್ತದೆ, ಅದಕ್ಕೇ 4 ಉಳಿಯುವುದು. ಅದು ಚಿಕ್ಕ ಬಿಡಿಭಾಗ, ಅದೊಂದನ್ನೇ ಬದಲಿಸಿದರೆ ಸಾಕು. ಅಲ್ಲಿಯವರೆಗೆ ಗಾಜಿಗೆ ಗಾಳಿಯಂತೂ ಸಿಗುತ್ತಿರುತ್ತದೆ.

ನಾಬ್ ಇದ್ದೂ ಅದು ಸ್ಕ್ರೀನ್‌ನ ಕಂಪ್ಯೂಟರಿಗೇ ಸಂದೇಶ ಕಳಿಸುವಂಥದ್ದಾಗಿದ್ದರೆ, ಸ್ಕ್ರೀನ್ ಹೋದಾಗ ನಾಬ್ ಕೂಡ ಹೋದಂತೆ. ಪರೀಕ್ಷೆ ಕಷ್ಟವಲ್ಲ. ಸ್ಕ್ರೀನನ್ನು ರೀಸ್ಟಾರ್ಟ್ ಮಾಡಿಸಿ (ಬಹಳಷ್ಟು ಕಾರುಗಳಲ್ಲಿ ಆಡಿಯೋದ ಪವರ್ ಬಟನ್ ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದರೆ ಆಗುತ್ತದೆ), ಅದು ಕಪ್ಪಾಗಿರುವಾಗಲೇ ಫ್ಯಾನ್, ತಾಪಮಾನ, ಡಿಫಾಗರ್ ಬದಲಿಸಿ ನೋಡಿ. ಸ್ಟೇರಿಂಗ್ ಮೇಲೆ ಬಟನ್ ಇದೆಯಲ್ಲ ಎಂದು ಸಮಾಧಾನ ಹೇಳಿದರೆ ಒಪ್ಪಬೇಡಿ. ಅಲ್ಲಿನ ಆಡಿಯೋ ಬಟನ್, ಹಾರ್ನ್, ಏರ್‌ಬ್ಯಾಗ್ ಮೂರರ ತಂತಿಯೂ ಸಾಮಾನ್ಯವಾಗಿ ಸ್ಟೇರಿಂಗ್ ಹಿಂದಿನ ಸುರುಳಿ ಕೇಬಲ್ ಮೂಲಕವೇ ಹೋಗುತ್ತದೆ. ಕ್ಲಾಕ್ ಸ್ಪ್ರಿಂಗ್ ಎನ್ನುವ ಆ ಸುರುಳಿ ತುಂಡಾದರೆ ಬಟನ್‌ಗಳ ಜೊತೆ ಹಾರ್ನೂ ಮೂಕವಾಗಬಹುದು, ಏರ್‌ಬ್ಯಾಗ್ ದೀಪವೂ ಹತ್ತಬಹುದು. ವಾಲ್ಯೂಮ್‌ಗೆ ಡ್ಯಾಶ್‌ಬೋರ್ಡ್‌ನಲ್ಲಿ ಇನ್ನೊಂದು ನಾಬ್ ಇರಲಿ.

ವೇರಿಯಂಟ್ ವಿಷಯದಲ್ಲಿ ಎಡವುವವರು ಬಹಳ. ಒಂದೇ ಹೆಸರಿನ ಕಾರಿನ ಕೆಳಗಿನ ವೇರಿಯಂಟ್‌ನಲ್ಲಿ ಮೂರು ನಾಬ್‌ಗಳ ಮ್ಯಾನ್ಯುಯಲ್ ಎಸಿ ಇದ್ದು, ಮೇಲಿನದರಲ್ಲಿ ಆಟೋಮ್ಯಾಟಿಕ್ ಎಸಿಯ ಸ್ಪರ್ಶಹಲಗೆ ಇರುವುದುಂಟು. ಕೆಲವು ಕಾರುಗಳಲ್ಲಿ ಯಾವ ವೇರಿಯಂಟ್ ಕೊಂಡರೂ ಎಲ್ಲದಕ್ಕೂ ದೊಡ್ಡ ಸ್ಕ್ರೀನೇ ಗತಿ. ಜಾಹೀರಾತಿನ ಚಿತ್ರ ಸಾಮಾನ್ಯವಾಗಿ ಮೇಲಿನ ವೇರಿಯಂಟಿನದು, ಟೆಸ್ಟ್ ಡ್ರೈವ್‌ಗೆ ಬರುವ ಕಾರೂ ಹೆಚ್ಚಾಗಿ ಅದೇ. ನೀವು ಕೊಳ್ಳುವ ವೇರಿಯಂಟನ್ನೇ ಕೇಳಿ, ಸಾಧ್ಯವಾದರೆ ಕತ್ತಲಾದ ಮೇಲೆ ಒಂದು ಸುತ್ತು ಹೋಗಿ. ಸ್ಕ್ರೀನ್ ಬೆಳಕು ಕಡಿಮೆ ಮಾಡುವುದಕ್ಕೂ ಮೆನುವಿಗೇ ಇಳಿಯಬೇಕೋ ಎಂಬುದು ಆಗ ತಿಳಿಯುತ್ತದೆ.

ಕೈಗೆ ಸಿಗುವುದೆಲ್ಲ ಒಳ್ಳೆಯದೂ ಅಲ್ಲ. ಒತ್ತಿ ಬಿಟ್ಟ ಮೇಲೆ ಮತ್ತೆ ನಡುವಿಗೇ ಮರಳುವ ಗೇರ್ ಲಿವರ್‌ನಿಂದಾಗಿ ಕಾರು ಪಾರ್ಕ್ ಗೇರ್‌ನಲ್ಲಿದೆ ಎಂದುಕೊಂಡು ಜನ ಇಳಿದದ್ದುಂಟು, ಕಾರು ಉರುಳಿದ್ದುಂಟು. 2016ರಲ್ಲಿ ಫಿಯೆಟ್ ಕ್ರೈಸ್ಲರ್ ಇದೇ ಕಾರಣಕ್ಕೆ 11 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ರೀಕಾಲ್ ಮಾಡಿತು. ಯಾವ ಗೇರ್ ಹಾಕಿದ್ದೀರೋ ಅಲ್ಲೇ ನಿಲ್ಲುವ ಲಿವರ್ ನೋಡಿಕೊಳ್ಳಿ.

ಕೊನೆಗೆ ಹಿಂದಿನ ಸೀಟಿಗೆ ಹೋಗಿ ಕುಳಿತುಕೊಳ್ಳಿ. ಕೆಲವು ಕಾರುಗಳಲ್ಲಿ ಚಾಲಕನ ಬಾಗಿಲಲ್ಲಿ ಎರಡೇ ಕಿಟಕಿ ಸ್ವಿಚ್ ಇದ್ದು, ಹಿಂದಿನ ಕಿಟಕಿ ಬೇಕಾದರೆ ಮೊದಲು ಇನ್ನೊಂದು ಬಟನ್ ಮುಟ್ಟಬೇಕು. ಮಗು ಕೈ ಹೊರಗೆ ಹಾಕಿದ ಹೊತ್ತಿಗೆ ಅದು ನೆನಪಾಗುವುದಿಲ್ಲ. ಬಾಗಿಲು ಒಳಗಿನಿಂದ ಬಟನ್ ಒತ್ತಿ ತೆರೆಯುವಂಥದ್ದಾಗಿದ್ದರೆ, ಬ್ಯಾಟರಿ ಸತ್ತಾಗ ಎಳೆಯಬೇಕಾದ ತಂತಿ ಅಥವಾ ಹಿಡಿ ಎಲ್ಲಿದೆ ಎಂದು ಕೇಳಿ, ನೀವೇ ಎಳೆದು ಬಾಗಿಲು ತೆರೆಯಿರಿ. ಅದನ್ನು ಬಾಗಿಲಿನ ಜೇಬಿನ ತಳದ ಮ್ಯಾಟ್ ಕೆಳಗೆ ಅಡಗಿಸಿಟ್ಟ ಕಾರುಗಳಿವೆ. ಚೈಲ್ಡ್ ಲಾಕ್ ಹಾಕಿದಾಗಲೂ ಆ ಹಿಡಿಯಿಂದ ಬಾಗಿಲು ತೆರೆದುಕೊಳ್ಳುತ್ತದೆಯೇ ಎಂಬುದನ್ನೂ ಆಗಲೇ ನೋಡಿಬಿಡಿ.