ಸಾಧನಾ ಸಮೀಕ್ಷೆ: ಮಗುವಿಗೆ ಅಂಕ ಕೊಡದ ಪರೀಕ್ಷೆ

2017ರ ನವೆಂಬರ್ 13. ನಾನಾಗ ಬಿ.ಎಡ್ ಓದುತ್ತಿದ್ದೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಸಲು ನನ್ನನ್ನು ಸಕಲೇಶಪುರ ತಾಲ್ಲೂಕಿನ ಒಂದು ಶಾಲೆಗೆ ಹಾಕಿದ್ದರು. 5ನೇ ತರಗತಿಯಲ್ಲಿ 41 ಮಕ್ಕಳು. ಬರೆಯಬೇಕಾದವರು 30. ಯಾರು ಆ 30 ಅನ್ನುವುದನ್ನು ಹಾಜರಿ ನಂಬರಿನ ಮೇಲೆ, ನಮಗೆ ಹೇಳಿಕೊಟ್ಟ ಕ್ರಮದಲ್ಲೇ ಆರಿಸಬೇಕು. ಆರಿಸಿದೆ. ಪಟ್ಟಿ ನೋಡಿದ ಹೆಡ್‌ಮಾಸ್ಟರು ಒಂದು ಹೆಸರಿನ ಮೇಲೆ ಬೆರಳಿಟ್ಟರು.

"ಮೇಡಂ, ಇವನು ಬೇಡ. ಎಸ್ಟೇಟ್ ಕೂಲಿಯವರ ಲೈನ್ ಮನೆ ಹುಡುಗ, ವಾರಕ್ಕೆ ಮೂರು ದಿನ ಬಂದರೆ ಜಾಸ್ತಿ. ಸುಮ್ನೆ ಶಾಲೆ ಹೆಸರು ಕೆಡುತ್ತೆ. ಇವಳನ್ನು ಹಾಕ್ಕೊಳ್ಳಿ, ಚೆನ್ನಾಗಿ ಓದ್ತಾಳೆ."

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನೂ ಒಂದು ಪರೀಕ್ಷೆ ಅಂದುಕೊಂಡಿದ್ದರು, ಅಷ್ಟೆ. ಇವತ್ತಿಗೂ ಎಷ್ಟೋ ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಹಾಗೇ ಅಂದುಕೊಂಡಿದ್ದಾರೆ. ಅದಕ್ಕೇ ಸಮೀಕ್ಷೆ ಅನ್ನುವ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಪರೀಕ್ಷೆ, ಸಮೀಕ್ಷೆ ಎರಡರಲ್ಲೂ ಇರುವುದು 'ಈಕ್ಷೆ'. ಅಂದರೆ ನೋಡುವುದು. 'ಪರಿ' ಸೇರಿದರೆ ಸುತ್ತಲಿಂದ ಬಿಡದೆ ನೋಡುವುದು. 'ಸಂ' ಸೇರಿದರೆ ಒಟ್ಟಾಗಿ ನೋಡುವುದು. ಬಳಕೆಯಲ್ಲೂ ವ್ಯತ್ಯಾಸ ಅದೇ. ಪರೀಕ್ಷೆ ಒಂದು ಮಗುವನ್ನು ನೋಡುತ್ತದೆ. ಈ ಹುಡುಗಿ ಪಾಸಾ, ಎಷ್ಟು ಅಂಕ, ಮುಂದಿನ ತರಗತಿಗೆ ಹೋಗಬಹುದಾ ಎಂದು ಕೇಳುತ್ತದೆ. ಸಾಧನಾ ಸಮೀಕ್ಷೆಗೆ ಆ ಹುಡುಗಿಯ ಅಂಕ ಬೇಕಾಗಿಲ್ಲ. ಹಾಸನ ಜಿಲ್ಲೆಯ 5ನೇ ತರಗತಿಯ ಮಕ್ಕಳು ಒಟ್ಟಾರೆ ಏನು ಕಲಿತಿದ್ದಾರೆ, ಎಲ್ಲಿ ಎಡವುತ್ತಿದ್ದಾರೆ ಅನ್ನುವುದು ಅದರ ಪ್ರಶ್ನೆ. ಮಗು ಬರೆಯುತ್ತದೆ, ಆದರೆ ಉತ್ತರ ಕೊಡಬೇಕಾದದ್ದು ನಮ್ಮ ಶಿಕ್ಷಣ ವ್ಯವಸ್ಥೆ.

ಎಸ್ಸೆಸ್ಸೆಲ್ಸಿ ಫಲಿತಾಂಶದಿಂದಲೇ ಇದು ಗೊತ್ತಾಗುವುದಿಲ್ಲವಾ? 2019ರಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂದಾಗ ನಮಗೆಲ್ಲ ಹೆಮ್ಮೆಯಾಗಿತ್ತು. ಆದರೆ ಇನ್ನೊಂದು ಲೆಕ್ಕ ನೋಡಿ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. 2024ರಲ್ಲಿ ಶೇ. 73.40, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರಾ? ಖಂಡಿತ ಇಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದಿತ್ತು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಪ್ರತಿ ವರ್ಷ ಬದಲಾಗುತ್ತದೆ, ಕಾವಲು ಬದಲಾಗುತ್ತದೆ, ಕೃಪಾಂಕ ಬದಲಾಗುತ್ತದೆ. ಕಲಿಕೆ ಏರಿತಾ ಇಳಿಯಿತಾ ಅಂತ ಅದರಿಂದ ಹೇಳುವುದು ಕಷ್ಟ.

ಸಮೀಕ್ಷೆ ಹಾಗಾಗಬಾರದು ಅಂದರೆ ಮೂರು ಕೆಲಸ ಸರಿಯಾಗಬೇಕು. ಮೊದಲನೆಯದು ಮಕ್ಕಳ ಆಯ್ಕೆ.

ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಕೊಳ್ಳುವವರು ಚೀಲದ ಬಾಯಲ್ಲಿರುವ ನಾಲ್ಕು ಗಡ್ಡೆ ನೋಡಿ ರೇಟು ಹೇಳುವುದಿಲ್ಲ. ಕೈ ಒಳಗೆ ಹಾಕುತ್ತಾರೆ, ತಳದ್ದನ್ನೂ ತೆಗೆಸುತ್ತಾರೆ. ಸಮೀಕ್ಷೆಯೂ ಹಾಗೇ. ಅರಸೀಕೆರೆಯ ಬಯಲು, ಸಕಲೇಶಪುರದ ತೋಟ, ಹಾಸನದ ಪೇಟೆ ಎಲ್ಲ ಕಡೆಯ ಶಾಲೆಗೂ, ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗೂ ಪಾಲು ಸಿಗಬೇಕು. ಪ್ರತಿ ಮಗುವಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟು ಅನ್ನುವುದು ಲೆಕ್ಕ ಹಾಕುವವರಿಗೆ ಗೊತ್ತಿರಬೇಕು. 2017ರಲ್ಲಿ ದೇಶದಲ್ಲಿ 3, 5, 8ನೇ ತರಗತಿಗಳ ಸುಮಾರು 22 ಲಕ್ಷ ಮಕ್ಕಳು ಬರೆದರು. ಕೋಟಿಗಟ್ಟಲೆ ಮಕ್ಕಳ ಪರವಾಗಿ ಇಷ್ಟು ಜನ ಸಾಕು. ಆದರೆ ಆರಿಸಿದವರನ್ನು ಬದಲಾಯಿಸಬಾರದು. ಆ ಲೈನಿನ ಹುಡುಗ ಅವನೊಬ್ಬನ ಪರವಾಗಿ ಕೂತಿರಲಿಲ್ಲ. ಅವನ ಹಿಂದೆ, ಆಯ್ಕೆಯಾಗದ ಎಷ್ಟೋ ತೋಟದ ಮಕ್ಕಳಿದ್ದರು. ಅವನನ್ನು ಎಬ್ಬಿಸಿದರೆ ಅವರೆಲ್ಲರೂ ಲೆಕ್ಕದಿಂದ ಎದ್ದು ಹೋದ ಹಾಗೆ. ಇದನ್ನೇ ಹೆಡ್‌ಮಾಸ್ಟರಿಗೆ ಹೇಳಿದೆ. ಫಲಿತಾಂಶ ಬರುವುದು ಜಿಲ್ಲೆಯ ಹೆಸರಲ್ಲಿ, ಶಾಲೆಯ ಹೆಸರಲ್ಲಲ್ಲ ಸರ್ ಅಂದೆ. ಅವನು ಕೂತ.

ಶಾಲೆಗಳ ಸಂಖ್ಯೆಯೂ ಮುಖ್ಯ. ಒಂದೇ ಶಾಲೆಯ 30 ಮಕ್ಕಳು ಒಂದೇ ಬಳ್ಳಿಯ ಕಾಯಿಗಳಿದ್ದ ಹಾಗೆ. ಒಬ್ಬರೇ ಟೀಚರು, ಒಂದೇ ಊರು. 10 ಶಾಲೆಯ 300 ಮಕ್ಕಳಿಗಿಂತ 60 ಶಾಲೆಯ 300 ಮಕ್ಕಳು ಜಿಲ್ಲೆಯ ಬಗ್ಗೆ ಜಾಸ್ತಿ ಹೇಳುತ್ತಾರೆ.

ಎರಡನೆಯದು ಪ್ರಶ್ನೆ. ನನಗೆ ಅತಿ ಇಷ್ಟವಾದ ಭಾಗ ಇದು. ಒಂದು ಲೆಕ್ಕ ತೆಗೆದುಕೊಳ್ಳಿ: 52ರಲ್ಲಿ 27 ಕಳೆದರೆ ಎಷ್ಟು? ಆಯ್ಕೆಗಳು 25, 35, 79, 52. ಸರಿ ಉತ್ತರ 25. 79ಕ್ಕೆ ಗುರುತು ಹಾಕಿದ ಮಗು ಕೂಡಿದೆ. ಕಳೆಯುವ ಗುರುತನ್ನೇ ಗಮನಿಸಿಲ್ಲ. 35 ಅಂದ ಮಗುವಿನ ಕಥೆ ಬೇರೆ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ ಅಂತ ತಿರುಗಿಸಿ 7ರಲ್ಲಿ 2 ಕಳೆದಿದೆ. ಹತ್ತರ ಮನೆಯಿಂದ ಸಾಲ ತರುವುದು ಗೊತ್ತಿಲ್ಲ. ಒಳ್ಳೆಯ ಪ್ರಶ್ನೆಯಲ್ಲಿ ತಪ್ಪು ಉತ್ತರಕ್ಕೂ ಒಂದು ಅರ್ಥ ಇರುತ್ತದೆ. ಜಿಲ್ಲೆಯ ಮೂರರಲ್ಲಿ ಒಂದು ಮಗು 35 ಅಂದರೆ ಅದು ಮಕ್ಕಳ ಸೋಮಾರಿತನ ಅಲ್ಲ. ನಾವು ಹೇಳಿಕೊಟ್ಟ ರೀತಿಯಲ್ಲೇ ಏನೋ ಬಿಟ್ಟುಹೋಗಿದೆ.

ಅದಕ್ಕೇ ಪ್ರಶ್ನೆಗಳನ್ನು ಮೊದಲೇ ಬೇರೆ ಮಕ್ಕಳಿಗೆ ಕೊಟ್ಟು ನೋಡುತ್ತಾರೆ. ಚೆನ್ನಾಗಿ ಬಲ್ಲ ಮಕ್ಕಳೇ ತಪ್ಪಿ, ಬಾರದವರು ಸರಿ ಮಾಡಿದ್ದರೆ ಆ ಪ್ರಶ್ನೆಯಲ್ಲೇ ದೋಷ ಇದೆ. ತೆಗೆದುಹಾಕುತ್ತಾರೆ. ರೈಲು ನಿಲ್ದಾಣದ ಬಗ್ಗೆ ಒಂದು ಲೆಕ್ಕ ಇದೆ ಅನ್ನಿ. ಅರಸೀಕೆರೆ ಜಂಕ್ಷನ್ ಪಕ್ಕದ ಮಗುವಿಗೆ ಅದು ಮನೆಮಾತು. ರೈಲನ್ನೇ ಹತ್ತದ ಮಗು ಪ್ಲಾಟ್‌ಫಾರಂ ಅನ್ನುವ ಪದದಲ್ಲೇ ನಿಂತುಬಿಡುತ್ತದೆ. ಇಬ್ಬರಿಗೂ ಗಣಿತ ಒಂದೇ ಸಮ ಗೊತ್ತು, ಆದರೆ ಅಂಕ ಬೇರೆ. ಬೇರೆ ಭಾಷೆಯಿಂದ ಕನ್ನಡಕ್ಕೆ ತಂದ ಪ್ರಶ್ನೆಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ವಾಕ್ಯ ಮಾರುದ್ದ ಆದರೆ ನಾವು ಅಳೆಯುವುದು ಗಣಿತವನ್ನಲ್ಲ, ಓದುವ ತಾಳ್ಮೆಯನ್ನು.

ಒಂದು ತರಗತಿ ಮುಗಿಸುವಷ್ಟರಲ್ಲಿ ಮಗುವಿಗೆ ಏನೇನು ಬರಬೇಕು ಅನ್ನುವುದಕ್ಕೆ ಕಲಿಕಾ ಫಲಗಳು ಅನ್ನುತ್ತಾರೆ. ಅವು ಬಹಳ, ಮಗುವಿಗಿರುವ ಸಮಯ ಕಡಿಮೆ. ಹಾಗಾಗಿ ಪ್ರಶ್ನೆಗಳನ್ನು ಹಲವು ಪುಸ್ತಿಕೆಗಳಲ್ಲಿ ಹಂಚುತ್ತಾರೆ. ಪಕ್ಕದಲ್ಲಿ ಕೂತ ಇಬ್ಬರಿಗೆ ಬೇರೆ ಬೇರೆ ಪುಸ್ತಿಕೆ. ಯಾವ ಮಗುವೂ ಎಲ್ಲವನ್ನೂ ಬರೆಯುವುದಿಲ್ಲ, ಆದರೆ ಎಲ್ಲ ಮಕ್ಕಳೂ ಸೇರಿದರೆ ಪಠ್ಯದ ಬಹುಪಾಲು ಮುಗಿದಿರುತ್ತದೆ. ಒಂದು ಮಗುವಿನ ಹಾಳೆ ಹಿಡಿದು ಅದಕ್ಕೆ ರ‍್ಯಾಂಕ್ ಕೊಡುವುದರಲ್ಲಿ ಅರ್ಥವಿಲ್ಲ ಅನ್ನುವುದು ಇದಕ್ಕೇ.

ಮೂರನೆಯದು ಅಳತೆ. ಹಿಂದೆ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದೆವು. ಹೋದ ವರ್ಷ ಒಬ್ಬರ ಮನೆಯ ಸೇರು, ಈ ವರ್ಷ ಇನ್ನೊಬ್ಬರದು ತಂದರೆ ಬೆಳೆ ಹೆಚ್ಚಿತಾ ಸೇರು ಚಿಕ್ಕದಾಯಿತಾ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಕೆಲವು ಪ್ರಶ್ನೆಗಳನ್ನು ಎಲ್ಲ ಪುಸ್ತಿಕೆಗಳಲ್ಲೂ, ವರ್ಷದಿಂದ ವರ್ಷಕ್ಕೂ ಹಾಗೇ ಉಳಿಸಿಕೊಳ್ಳುತ್ತಾರೆ. ಇವುಗಳಿಗೆ ಆಂಕರ್ ಪ್ರಶ್ನೆಗಳು ಅನ್ನುತ್ತಾರೆ. ಇವೇ ಹಳೆಯ ಸೇರು. ಸಮೀಕ್ಷೆಯ ಪುಸ್ತಿಕೆಗಳನ್ನು ಎಣಿಸಿ ವಾಪಸ್ ಪಡೆಯುವುದಕ್ಕೆ ಇದೂ ಒಂದು ಕಾರಣ. ಆಂಕರ್ ಪ್ರಶ್ನೆ ಗೈಡಿಗೆ ಬಂತೆಂದರೆ ಸೇರಿನ ತಳ ಒಡೆದ ಹಾಗೆ.

ಇಷ್ಟೆಲ್ಲ ಮಾಡಿದ ಮೇಲೆ ಸಮೀಕ್ಷೆಯನ್ನೇ ಒರೆಗೆ ಹಚ್ಚಬೇಕು. ನಾನು ಮೊದಲು ಕೇಳುವುದು, ಅವತ್ತು ಯಾರು ಬಂದಿರಲಿಲ್ಲ? 2021ರ ಸಮೀಕ್ಷೆ ನವೆಂಬರ್ 12ಕ್ಕೆ ನಡೆಯಿತು. ಪರಖ್ ಹೆಸರಿನಲ್ಲಿ ನಡೆದ ಮುಂದಿನದು 2024ರ ಡಿಸೆಂಬರ್ 4ಕ್ಕೆ. ನಮ್ಮ ಮಲೆನಾಡಿನಲ್ಲಿ ಅದು ಕಾಫಿ ಕುಯ್ಲಿನ ಕಾಲ. ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋದ ಮಗು ಶಾಲೆಯ ಸಮೀಕ್ಷೆಗೆ ಸಿಗುವುದೇ ಇಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆ ಹಳ್ಳಿಯ ಮನೆಗೇ ಹೋಗಿ ಮಗುವಿನಿಂದ ಓದಿಸುತ್ತದೆ. ಅದು ಅಳೆಯುವ ವಿಷಯ ಕಡಿಮೆ. ಆದರೆ ಶಾಲೆಗೆ ಬಾರದ ಮಗುವೂ ಅದಕ್ಕೆ ಕಾಣುತ್ತದೆ.

ಇನ್ನು ಹೋಲಿಕೆ. 2021ರಲ್ಲಿ ಬರೆದವರು 3, 5, 8, 10ನೇ ತರಗತಿಯವರು. 2024ರಲ್ಲಿ 3, 6, 9. ಆಗಿನ 5ನ್ನು ಈಗಿನ 6ರ ಪಕ್ಕ ಇಟ್ಟು "ಜಿಲ್ಲೆ ಕುಸಿಯಿತು" ಅನ್ನುವುದು ತಪ್ಪು. ಎರಡು ಜಿಲ್ಲೆಗಳ ನಡುವೆ ಒಂದೆರಡು ಅಂಕದ ಅಂತರ ಇದ್ದರೂ ಅಷ್ಟೆ. ಬೇರೆ ಶಾಲೆಗಳು ಆಯ್ಕೆಯಾಗಿದ್ದರೆ ಅದು ತಿರುಗಿಬೀಳಬಹುದಿತ್ತು. ನಮಗಿಂತ ಚಿಕ್ಕಮಗಳೂರು ಒಂದು ಅಂಕ ಮುಂದೆ ಅಂತ ಸಭೆಯಲ್ಲಿ ಮೇಷ್ಟ್ರುಗಳನ್ನು ನಿಲ್ಲಿಸಿ ಕೇಳುವುದು ನ್ಯಾಯವಲ್ಲ. ಹಾಗೆ ಕೇಳತೊಡಗಿದರೆ ಮುಂದಿನ ಸಲ ಎಲ್ಲ ಕಡೆ ಹಳೆ ಪ್ರಶ್ನೆಗಳ ಉರು ಹೊಡೆಸುವುದು ಶುರುವಾಗುತ್ತದೆ. ಆಗ ಏರುವುದು ಸಂಖ್ಯೆ ಮಾತ್ರ.

ನಾನೀಗ ಬೇಲೂರು ತಾಲ್ಲೂಕಿನಲ್ಲಿ ಗಣಿತ ಟೀಚರು. ವರದಿ ಬಂದಾಗ ಸ್ಥಾನದ ಪುಟ ಬಿಟ್ಟು, ಯಾವ ಕಲಿಕಾ ಫಲದಲ್ಲಿ ಜಿಲ್ಲೆ ಹಿಂದಿದೆ ಅನ್ನುವ ಪುಟ ತೆಗೆಯುತ್ತೇನೆ. ಆಮೇಲೆ ಬೋರ್ಡಿನ ಮೇಲೆ 52ರಲ್ಲಿ 27 ಬರೆಯುತ್ತೇನೆ. 35 ಅಂದ ಮಗುವನ್ನು ಹತ್ತಿರ ಕರೆದು, "ಹೇಗೆ ಮಾಡಿದೆ ಪುಟ್ಟಾ, ತೋರಿಸು" ಅನ್ನುತ್ತೇನೆ.