ಕನ್ನಡ ಮಾಧ್ಯಮದ ಹುಡುಗ ಸೈನಿಕ ಶಾಲೆಯ ಒಂಬತ್ತನೇ ತರಗತಿ ಪರೀಕ್ಷೆ ಬರೆಯಬಹುದಾ?

ಪ್ರಶ್ನೆ: ನನ್ನ ಮಗ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ, ಕನ್ನಡ ಮಾಧ್ಯಮ. ಲೆಕ್ಕದಲ್ಲಿ ಚುರುಕು. ಸೈನಿಕ ಶಾಲೆಯ ಒಂಬತ್ತನೇ ತರಗತಿಗೆ ಪರೀಕ್ಷೆ ಬರೆಸೋಣ ಅಂತಿದ್ದೇವೆ. ಕೋಚಿಂಗ್‌ಗೆ ಹಾಕಲೇಬೇಕಾ ಸರ್, ಮನೆಯಲ್ಲೇ ಓದಿಸಿದರೆ ಆಗುತ್ತಾ?

ಮನೆಯಲ್ಲೇ ಓದಿಸಬಹುದು ಅಮ್ಮಾ. ಆದರೆ ನೀವು ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆ ಇದೆ, ಅದೇ ಮುಖ್ಯವಾದದ್ದು. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಒಂಬತ್ತನೇ ತರಗತಿಯದ್ದು ಇಂಗ್ಲಿಷಿನಲ್ಲಿ ಮಾತ್ರ. ನಿಮ್ಮ ಮಗನಿಗೆ ಎದುರಾಗುವುದು ಲೆಕ್ಕವಲ್ಲ, ಲೆಕ್ಕದ ಇಂಗ್ಲಿಷ್.

ಮೊದಲು ಪರೀಕ್ಷೆ ಹೇಗಿರುತ್ತದೆ ಅಂತ ನೋಡೋಣ. ಒಟ್ಟು 150 ಪ್ರಶ್ನೆ, 400 ಅಂಕ, 180 ನಿಮಿಷ. ಗಣಿತದ್ದು 50 ಪ್ರಶ್ನೆ, ಒಂದೊಂದಕ್ಕೂ 4 ಅಂಕ. ಅಂದರೆ 200 ಅಂಕ ಗಣಿತಕ್ಕೇ ಹೋಯಿತು. ಇಂಗ್ಲಿಷ್, ಬುದ್ಧಿಶಕ್ತಿ, ವಿಜ್ಞಾನ, ಸಮಾಜ ವಿಜ್ಞಾನ ಒಂದೊಂದರಲ್ಲೂ 25 ಪ್ರಶ್ನೆ, ತಲಾ 2 ಅಂಕ. ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ತಿದ್ದುವ ಉತ್ತರ ಹಾಳೆಯಲ್ಲಿ, ಆರಿಸಿದ ಉತ್ತರದ ಗುಂಡನ್ನು (ವೃತ್ತವನ್ನು) ಪೆನ್ನಿನಿಂದ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರತಿ ವಿಷಯದಲ್ಲೂ ಕನಿಷ್ಠ ಶೇ 25, ಒಟ್ಟಾರೆ ಶೇ 40 ಬರಲೇಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಈ ಮಿತಿ ಇಲ್ಲ. ಹಾಗಂತ ಶೇ 40 ಬಂದರೆ ಸೀಟು ಸಿಕ್ಕಿತು ಅಂದುಕೊಳ್ಳಬೇಡಿ. ಒಂಬತ್ತನೇ ತರಗತಿಗೆ ಸಿಗುವ ಸೀಟುಗಳು ಆರನೇ ತರಗತಿಗಿಂತ ತೀರಾ ಕಡಿಮೆ, ಪೈಪೋಟಿ ಜಾಸ್ತಿ.

ಈಗ ಇಂಗ್ಲಿಷಿನ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದ ಒಬ್ಬ ಹುಡುಗನಿಗೆ ಒಂದು ಲೆಕ್ಕ ಕೊಟ್ಟಿದ್ದೆ. ಅಸಲು 8,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇ 5, ಅವಧಿ 2 ವರ್ಷ. ಚಕ್ರಬಡ್ಡಿ ಸರಳಬಡ್ಡಿಗಿಂತ ಎಷ್ಟು ಹೆಚ್ಚು? ಕನ್ನಡದಲ್ಲಿ ಕೇಳಿದ್ದರೆ ಬಾಯಲ್ಲೇ ಹೇಳುತ್ತಿದ್ದ: ಚಕ್ರಬಡ್ಡಿ 820, ಸರಳಬಡ್ಡಿ 800, ಹೆಚ್ಚಾದದ್ದು 20. ಆದರೆ ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ‘ಎಕ್ಸೀಡ್ಸ್’ (ಮೀರುತ್ತದೆ, ಹೆಚ್ಚಾಗುತ್ತದೆ) ಅನ್ನುವ ಒಂದು ಪದ ಅವನಿಗೆ ಗೊತ್ತಿರಲಿಲ್ಲ. ಚಕ್ರಬಡ್ಡಿ ಸರಿಯಾಗಿಯೇ ಕಂಡುಹಿಡಿದ. ನಾಲ್ಕು ಆಯ್ಕೆಗಳಲ್ಲಿ 820 ಕೂಡ ಇತ್ತು, ಖುಷಿಯಿಂದ ಅದಕ್ಕೇ ಗುಂಡು ತುಂಬಿದ. ಪ್ರಶ್ನೆಪತ್ರಿಕೆ ಮಾಡುವವರು ಸುಮ್ನೆ ಆ ಸಂಖ್ಯೆ ಇಟ್ಟಿರುವುದಿಲ್ಲ, ಅರ್ಧಕ್ಕೆ ನಿಲ್ಲುವವರಿಗಾಗಿಯೇ ಇಟ್ಟಿರುತ್ತಾರೆ. 4 ಅಂಕ ಹೋಯಿತು.

ಅದೇ ಹುಡುಗ ಇನ್ನೊಂದು ದಿನ ಕೇಳಿದ, “ಸರ್, ಪ್ರಿನ್ಸಿಪಲ್ ಅಂದ್ರೆ ಕಾಲೇಜಿನ ಹೆಡ್‌ಮಾಸ್ಟರ್ ಅಲ್ವಾ? ಬಡ್ಡಿ ಲೆಕ್ಕದಲ್ಲಿ ಅವರ್ಯಾಕೆ ಬಂದ್ರು?” ನಗು ಬಂತು, ಆದರೆ ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಾಲ್ಯೂಮ್ ಅಂದರೆ ಟೀವಿಯ ಸೌಂಡು, ರೂಟ್ ಅಂದರೆ ಗಿಡದ ಬೇರು, ಇಂಟರೆಸ್ಟ್ ಅಂದರೆ ಆಸಕ್ತಿ ಅಂತಲೇ ಮಕ್ಕಳು ಕಲಿತಿರುತ್ತಾರೆ. ಅಸಲು, ಘನಫಲ, ವರ್ಗಮೂಲ, ಬಡ್ಡಿ ಅವರಿಗೆ ಚೆನ್ನಾಗಿ ಗೊತ್ತು. ಅವಕ್ಕೆ ಈ ಹೆಸರೂ ಇದೆ ಅನ್ನುವುದು ಗೊತ್ತಿಲ್ಲ, ಅಷ್ಟೇ.

ಇದಕ್ಕೆ ದುಡ್ಡು ಖರ್ಚಿಲ್ಲದ ದಾರಿ ಒಂದಿದೆ. ನಮ್ಮ ರಾಜ್ಯದ ಎಂಟನೇ ತರಗತಿಯ ಗಣಿತ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಲಿ. ಅಧ್ಯಾಯ ಅದೇ, ಅಭ್ಯಾಸ ಅದೇ, ಲೆಕ್ಕವೂ ಅದೇ. ಶಾಲೆಯಲ್ಲಿ ಮುಗಿದ ಪಾಠದ ಲೆಕ್ಕಗಳನ್ನು ರಾತ್ರಿ ಇಂಗ್ಲಿಷ್ ಪುಸ್ತಕದಿಂದ ಓದಿ, ಏನು ಕೇಳಿದ್ದಾರೆ ಅಂತ ಕನ್ನಡದಲ್ಲಿ ನಿಮಗೆ ಹೇಳಲಿ. ಬಿಡಿಸುವುದು ಆಮೇಲೆ. ನಿಮಗೆ ಇಂಗ್ಲಿಷ್ ಬರಬೇಕಂತಿಲ್ಲ. ಕನ್ನಡ ಪುಸ್ತಕ ನಿಮ್ಮ ಕೈಯಲ್ಲಿರಲಿ, ಅವನು ಹೇಳಿದ್ದು ಅದರಲ್ಲಿರುವುದಕ್ಕೆ ಹೊಂದುತ್ತಾ ಅಂತ ನೋಡಿದರೆ ಸಾಕು.

ಹೊಸ ಪದಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಇರಲಿ. ಅದರಲ್ಲಿ ಪೆರಿಮೀಟರ್, ಟ್ರೆಪೀಜಿಯಂನಂಥ ದೊಡ್ಡ ಪದಗಳಿಗಿಂತ ಚಿಕ್ಕವೇ ಜಾಸ್ತಿ ಇರಬೇಕು. ಅಟ್ ಲೀಸ್ಟ್ (ಕನಿಷ್ಠ), ಅಟ್ ಮೋಸ್ಟ್ (ಗರಿಷ್ಠ), ರೆಸ್ಪೆಕ್ಟಿವ್ಲಿ (ಕ್ರಮವಾಗಿ), ರಿಮೇನಿಂಗ್ (ಉಳಿದ), ನಾಟ್ (ಅಲ್ಲ). ದೊಡ್ಡ ಪದ ಗೊತ್ತಿಲ್ಲದಿದ್ದರೆ ಹುಡುಗ ತಡೆದು ಯೋಚನೆ ಮಾಡುತ್ತಾನೆ. ಚಿಕ್ಕದನ್ನು ಹಾಗೇ ಹಾರಿಸಿಕೊಂಡು ಹೋಗಿಬಿಡುತ್ತಾನೆ, ಎಡವುವುದು ಅಲ್ಲೇ.

ಪರೀಕ್ಷೆಯ ಪಠ್ಯ ಸಿಬಿಎಸ್‌ಇ (ಕೇಂದ್ರ ಪಠ್ಯಕ್ರಮದ ಮಂಡಳಿ) ಮಾದರಿಯದ್ದು. ಕೇಂದ್ರದ ಪಠ್ಯಪುಸ್ತಕ ತರುವ ಸಂಸ್ಥೆ ಎನ್‌ಸಿಇಆರ್‌ಟಿ 2025ರಲ್ಲಿ ಎಂಟನೇ ತರಗತಿಗೆ ‘ಗಣಿತ ಪ್ರಕಾಶ’ ಅನ್ನುವ ಹೊಸ ಪುಸ್ತಕ ತಂದಿದೆ. ಹಾಗಾಗಿ ಮಗ ಪರೀಕ್ಷೆ ಬರೆಯುವ ವರ್ಷದ ಪ್ರವೇಶ ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಕೊಟ್ಟ ಅಧ್ಯಾಯಗಳ ಪಟ್ಟಿಯನ್ನು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ, ಇಲ್ಲದ್ದನ್ನು ಬೇರೆಯಾಗಿ ಓದಿಸಿ. ವಿಜ್ಞಾನಕ್ಕೂ ಎರಡು ಪುಸ್ತಕದ ಉಪಾಯವೇ ಆಗುತ್ತದೆ. ಸಮಾಜ ವಿಜ್ಞಾನಕ್ಕೆ ಆಗದು. ನಮ್ಮ ರಾಜ್ಯದ ಪಾಠಗಳು ಬೇರೆ, ಅದಕ್ಕೆ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಹಿಡಿಯಬೇಕು. ಬುದ್ಧಿಶಕ್ತಿ ವಿಭಾಗ ಅಭ್ಯಾಸದ ಆಟ, ಹಳೇ ಪ್ರಶ್ನೆಪತ್ರಿಕೆ ಮಾಡುತ್ತಾ ಹೋದರೆ ಕೈ ಕುದುರುತ್ತದೆ.

ಸಮಯದ ಲೆಕ್ಕವನ್ನು ಮನೆಯಲ್ಲೇ ರೂಢಿ ಮಾಡಿಸಿ. ಗಣಿತ ಬಿಟ್ಟು ಉಳಿದ 100 ಪ್ರಶ್ನೆಗಳನ್ನು ಸರಾಸರಿ 40 ಸೆಕೆಂಡಿಗೆ ಒಂದರಂತೆ ಮುಗಿಸಿದರೆ ಸುಮಾರು 67 ನಿಮಿಷ. ಗಣಿತಕ್ಕೆ 110 ನಿಮಿಷಕ್ಕಿಂತ ಜಾಸ್ತಿ ಉಳಿಯಿತು, ಒಂದು ಲೆಕ್ಕಕ್ಕೆ ಎರಡು ನಿಮಿಷದ ಮೇಲೆ. ಇಂಗ್ಲಿಷ್ ಓದಲು ತಡವಾಗುವ ಹುಡುಗನಿಗೆ ಇದು ಬೇಕೇ ಬೇಕು. ಕೊನೆಯ ಐದು ನಿಮಿಷ ಖಾಲಿ ಬಿಟ್ಟ ಗುಂಡುಗಳನ್ನು ತುಂಬಲು. ಅಂಕ ಕಳೆಯುವುದಿಲ್ಲ ಅಂದಮೇಲೆ ಖಾಲಿ ಯಾಕೆ ಬಿಡಬೇಕು?

ಇನ್ನು ಕೋಚಿಂಗ್. ಮನೆಯಲ್ಲಿ ಕೂರಿಸಿ ಓದಿಸುವವರು ಇಲ್ಲದಿದ್ದರೆ, ಗಡಿಯಾರ ಇಟ್ಟು ಮಾದರಿ ಪರೀಕ್ಷೆ ಬರೆಸುವ ಒಂದು ಜಾಗ ಬೇಕಾಗುತ್ತದೆ. ಅದಕ್ಕೆ ಕಳಿಸಿ, ತಪ್ಪೇನಿಲ್ಲ. ಆದರೆ ‘ಸೀಟು ಗ್ಯಾರಂಟಿ’ ಅಂತ ಬೋರ್ಡು ಹಾಕಿದವರ ಮೆಟ್ಟಿಲು ಹತ್ತಬೇಡಿ. ಖಾಸಗಿ ವಸತಿ ಶಾಲೆಗಳಲ್ಲೂ ಹಲವು ಹೈಸ್ಕೂಲಿಗೆ ತಮ್ಮದೇ ಪ್ರವೇಶ ಪರೀಕ್ಷೆ ಇಡುತ್ತವೆ. ಅಲ್ಲೂ ಪತ್ರಿಕೆ ಇಂಗ್ಲಿಷಿನಲ್ಲಿದ್ದರೆ ಇದೇ ತಯಾರಿ ಕೆಲಸಕ್ಕೆ ಬರುತ್ತದೆ.

ಕಾಗದಪತ್ರದ ಕೆಲಸ ಪರೀಕ್ಷೆಗಿಂತ ಮೊದಲೇ ಶುರು ಮಾಡಿ. ಪರೀಕ್ಷೆಗೆ ಒಂದೇ ನಿಗದಿತ ತಿಂಗಳು ಅಂತಿಲ್ಲ. 2024ರಲ್ಲಿ ಜನವರಿ 28ಕ್ಕೆ ನಡೆಯಿತು, 2025ರಲ್ಲಿ ಏಪ್ರಿಲ್ 5ಕ್ಕೆ. ಸೇರುವ ವರ್ಷದ ಮಾರ್ಚ್ 31ಕ್ಕೆ ಹುಡುಗನಿಗೆ 13ರಿಂದ 15 ವರ್ಷದ ಒಳಗಿರಬೇಕು. ನಮ್ಮಲ್ಲಿ ವಿಜಯಪುರದ ಶಾಲೆ 1963ರದ್ದು, ಕೊಡಗಿನ ಕೂಡಿಗೆಯದ್ದು 2007ರದ್ದು. ಸೀಟುಗಳಲ್ಲಿ ಶೇ 67 ಆಯಾ ರಾಜ್ಯದ ಮಕ್ಕಳಿಗೆ, ಅದಕ್ಕೆ ವಾಸಸ್ಥಳ ಪ್ರಮಾಣಪತ್ರ ಬೇಕು. ಹಿಂದುಳಿದ ವರ್ಗದವರು ಒಂದು ವಿಷಯ ಗಮನಿಸಿ: 2ಎ, 3ಬಿ ಅಂತ ಬರೆದ ರಾಜ್ಯದ ಪ್ರಮಾಣಪತ್ರ ಇಲ್ಲಿ ನಡೆಯದು. ಕೇಂದ್ರದ ಪಟ್ಟಿಯ ಒಬಿಸಿ, ಕೆನೆಪದರ ಅಲ್ಲ ಅನ್ನುವ ಪ್ರಮಾಣಪತ್ರವೇ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ ಬಾಯಿಬಿಟ್ಟು ಇದನ್ನೇ ಕೇಳಿ.

ಅಂಕ ಬಂದ ಮೇಲೆ ವೈದ್ಯಕೀಯ ತಪಾಸಣೆಯೂ ಇದೆ, ಅದರಲ್ಲಿ ಕಣ್ಣು ಮುಖ್ಯ. ಹಿಂದಿನ ಬೆಂಚಿನಲ್ಲಿ ಕೂತರೆ ಬೋರ್ಡು ಕಾಣುತ್ತಾ ಅಂತ ಇವತ್ತು ಸಂಜೆ ಮಗನನ್ನು ಕೇಳಿ ನೋಡಿ.