ಹದ್ದು ಹಾರುತ್ತಲೇ ಇದೆ, ರಣಹದ್ದು ಎಲ್ಲಿ ಹೋಯ್ತು?

ಊರಾಚೆ ಕಸದ ರಾಶಿ ಇರುವ ಕಡೆ ಒಮ್ಮೆ ತಲೆಯೆತ್ತಿ ನೋಡಿ. ಕಂದು ಮೈ, ಕವಲೊಡೆದ ಬಾಲದ ಹಕ್ಕಿಗಳು ಸುತ್ತು ಹಾಕುತ್ತಿರುತ್ತವೆ. ಅವು ಹದ್ದುಗಳು. ಕೆರೆ ಕಡೆ ಹೋದರೆ ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಯ ಗರುಡ ಸಿಗುತ್ತದೆ, ಅದನ್ನು ಕಂಡರೆ ಕೈ ಮುಗಿಯುವವರು ಇವತ್ತಿಗೂ ಇದ್ದಾರೆ. ಇನ್ನು ಗಿಡುಗ, ಡೇಗೆ ಅಂತ ಹೆಸರು ಬೇರೆ ಬೇರೆ ಇದ್ದರೂ ಬಿಡಿಸಿ ಗುರುತಿಸುವವರು ಕಡಿಮೆ. ಕೊಕ್ಕು ಬಾಗಿದ್ದು ಮೇಲೆ ಸುತ್ತುತ್ತಿದ್ದರೆ ನಮಗೆ ಎಲ್ಲವೂ ಹದ್ದೇ.

ಈ ಉದಾಸೀನಕ್ಕೂ ನಾನು ಹೇಳಹೊರಟ ಕತೆಗೂ ಸಂಬಂಧ ಇದೆ. ಯಾಕಂದ್ರೆ 1990ರ ದಶಕದಲ್ಲಿ ನಮ್ಮ ದೇಶದ ಆಕಾಶದಿಂದ ಅತಿ ದೊಡ್ಡ ಹಕ್ಕಿಗಳಲ್ಲಿ ಒಂದು ಗುಂಪೇ ಮಾಯವಾಯಿತು. ಚಿಕ್ಕ ಹದ್ದುಗಳು ಅಲ್ಲೇ ಹಾರುತ್ತಿದ್ದವಲ್ಲ, ಹಾಗಾಗಿ ಆಕಾಶ ಖಾಲಿಯಾಗಿದೆ ಅಂತ ಯಾರಿಗೂ ಅನ್ನಿಸಲೇ ಇಲ್ಲ.

ಮೊದಲು ಎಷ್ಟಿದ್ದವು ಅಂತ ಹೇಳಿದರೆ ಈಗಿನವರು ನಂಬುವುದು ಕಷ್ಟ. ಭಾರತದಲ್ಲಿ ಒಂಬತ್ತು ಬಗೆಯ ರಣಹದ್ದುಗಳಿವೆ. ಅದರಲ್ಲಿ ಬಿಳಿ ಬೆನ್ನಿನ ರಣಹದ್ದು 1980ರ ದಶಕದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, ಬೇಟೆ ಹಕ್ಕಿಗಳ ಜಾತಿಯಲ್ಲಿ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೊಡ್ಡ ಹಕ್ಕಿ ಇದೇ ಇರಬಹುದು ಅಂತ 1985ರಲ್ಲಿ ತಜ್ಞರು ಬರೆದಿದ್ದರು. ಇಂಥ ಹಕ್ಕಿಗಳು ನಮ್ಮ ಉಪಖಂಡದಲ್ಲಿ ಕೋಟಿಗಟ್ಟಲೆ ಇದ್ದವು. ಆಗಿನ ಚಿಂತೆ ಏನಿತ್ತು ಗೊತ್ತಾ? ವಿಮಾನಕ್ಕೆ ಬಂದು ಬಡಿಯುತ್ತವಲ್ಲ, ಇವನ್ನು ಓಡಿಸುವುದು ಹೇಗೆ ಅಂತ! ಊರಿನಲ್ಲಿ ದನ ಸತ್ತರೆ ಚರ್ಮ ಸುಲಿದು ಹೊರಗೆ ಹಾಕಿದರೆ ಮುಗಿಯಿತು. ಗುಂಪಾಗಿ ಇಳಿದು ಒಂದು ಗಂಟೆಯೊಳಗೆ ಮೂಳೆ ಬಿಟ್ಟು ಬೇರೇನೂ ಉಳಿಸುತ್ತಿರಲಿಲ್ಲ. ಕೂಲಿಯಿಲ್ಲ, ಖರ್ಚಿಲ್ಲ.

ಮೊದಲು ಅನುಮಾನ ಹುಟ್ಟಿದ್ದು ರಾಜಸ್ಥಾನದ ಭರತಪುರದಲ್ಲಿ. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಬೇಟೆ ಹಕ್ಕಿಗಳನ್ನು ಎಣಿಸುತ್ತಿದ್ದರು. 1987-88ರಲ್ಲಿ ಅವರಿಗೆ ಸಿಕ್ಕಿದ್ದು ಬಿಳಿ ಬೆನ್ನಿನ ರಣಹದ್ದಿನ 353 ಜೋಡಿ. 1996-97ರಲ್ಲಿ ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಕಡಿಮೆ. ಆಮೇಲೆ ಕೆಲವೇ ವರ್ಷಗಳಲ್ಲಿ ಗೂಡು ಕಟ್ಟುವ ಜೋಡಿ ಒಂದೂ ಇಲ್ಲ. ಮರದ ಮೇಲೆ ಕೂತ ಹಕ್ಕಿ ಕತ್ತು ಇಳಿಬಿಟ್ಟು ತೂಕಡಿಸುವುದು, ದಿನಗಟ್ಟಲೆ ಹಾಗೇ ಇದ್ದು ಒಂದು ದಿನ ಕೊಂಬೆಯಿಂದ ಕೆಳಗೆ ಬೀಳುವುದು, ಹೀಗೆ ಸಾಯುತ್ತಿದ್ದವು. ಅವರು 1999ರಲ್ಲಿ ಇದನ್ನು ಬರೆದು ಪ್ರಕಟಿಸಿದ ಮೇಲೆ ಬೇರೆ ಕಡೆಯೂ ಎಣಿಕೆ ಶುರುವಾಯಿತು. ಎಲ್ಲ ಕಡೆ ಅದೇ ಕತೆ. 1992ರಿಂದ 2007ರ ಒಳಗೆ ಬಿಳಿ ಬೆನ್ನಿನ ರಣಹದ್ದು ಶೇ. 99.9ರಷ್ಟು ಕಡಿಮೆಯಾಗಿತ್ತು. ಅಂದರೆ ಸಾವಿರ ಇದ್ದ ಕಡೆ ಒಂದು. ಉದ್ದ ಕೊಕ್ಕಿನದು ಮತ್ತು ಅದರ ಹತ್ತಿರದ ನೆಂಟ ತೆಳು ಕೊಕ್ಕಿನದು ಸುಮಾರು ಶೇ. 97.

ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಸಿವು ಅನ್ನೋ ಹಾಗಿಲ್ಲ, ಸತ್ತ ದನಗಳಿಗೇನೂ ಬರ ಇರಲಿಲ್ಲ. ಕೀಟನಾಶಕ ಇರಬಹುದಾ ಅಂದುಕೊಂಡರು, ಅದೂ ಸರಿಹೊಂದಲಿಲ್ಲ. ಯಾವುದೋ ಹೊಸ ವೈರಸ್ ಬಂದಿದೆ ಅನ್ನುವ ಕಡೆಗೇ ಬಹಳ ಜನ ವಾಲಿದ್ದರು. ದೇಶದ ಉದ್ದಗಲಕ್ಕೂ ಒಂದೇ ಸಮ ಸಾಯುತ್ತಿವೆ ಅಂದರೆ ಅಂಟುರೋಗ ಅಂತಲೇ ಅನ್ನಿಸುವುದು ಸಹಜ ಅಲ್ವಾ? ಆ ಜಾಡಿನಲ್ಲಿ ಹಲವು ವರ್ಷ ಕಳೆದುಹೋದವು.

ಗಂಟು ಬಿಚ್ಚಿದ್ದು ಗಡಿಯಾಚೆ, ಪಾಕಿಸ್ತಾನದ ಪಂಜಾಬಿನಲ್ಲಿ. ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿ ಮತ್ತು ಅವರ ತಂಡ ಸತ್ತ ರಣಹದ್ದುಗಳ ಹೊಟ್ಟೆ ಕೊಯ್ದು ನೋಡಿದಾಗ ಹೃದಯ, ಪಿತ್ತಜನಕಾಂಗದ (ಲಿವರ್) ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಂಡಿತು. ಅದು ಯೂರಿಕ್ ಆಸಿಡ್. ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ಅದು ಹೊರಗೆ ಹೋಗದೆ ಒಳಗಿನ ಅಂಗಗಳ ಮೇಲೆ ಹರಳುಗಟ್ಟುತ್ತದೆ. ವೈರಸ್, ಬ್ಯಾಕ್ಟೀರಿಯಾ, ಸೀಸ, ಕೀಟನಾಶಕ ಎಲ್ಲ ಹುಡುಕಿದರು, ಏನೂ ಸಿಗಲಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ತುಂಬ ಸರಳ: ಈ ಹಕ್ಕಿ ತಿನ್ನುವುದು ಏನು? ದನ, ಎಮ್ಮೆ. ಹಾಗಾದರೆ ಆ ದನಗಳ ಮೈಯೊಳಗೆ ಹೋಗುತ್ತಿರುವುದು ಏನು? ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ಕೇಳಿ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಮದ್ದು ಯಾವುದಿದೆ ಅಂತ ಜರಡಿ ಹಿಡಿದರು. ಉಳಿದದ್ದು ಒಂದೇ ಹೆಸರು. ಡೈಕ್ಲೋಫಿನಾಕ್.

ಹೌದು, ನಾವು ಬೆನ್ನು ನೋವಿಗೆ ನುಂಗುವ, ಮಂಡಿಗೆ ಹಚ್ಚಿಕೊಳ್ಳುವ ಅದೇ ಮದ್ದು.

ಲೆಕ್ಕ ಎಷ್ಟು ನಿಚ್ಚಳವಾಗಿತ್ತು ನೋಡಿ. ಬಿಳಿ ಪದರ ಕಂಡ 25 ಹಕ್ಕಿಗಳನ್ನು ಪರೀಕ್ಷಿಸಿದರೆ 25ರಲ್ಲೂ ಡೈಕ್ಲೋಫಿನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರ ಆರಂಭದಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು. ವಿಜ್ಞಾನದಲ್ಲಿ ಇಷ್ಟು ಕಡ್ಡಿ ಮುರಿದಂತೆ ಉತ್ತರ ಸಿಗುವುದು ಅಪರೂಪ.

ಈ ಮದ್ದು ಕೊಟ್ಟವರು ಯಾರೂ ಹಕ್ಕಿಯ ಮೇಲೆ ಹಗೆ ಇದ್ದವರಲ್ಲ. ಕಂಪನಿಯ ಪೇಟೆಂಟ್ ಮುಗಿದು ಡೈಕ್ಲೋಫಿನಾಕ್ ಅಗ್ಗವಾಗಿತ್ತು, 1990ರ ದಶಕದಲ್ಲಿ ದನದ ಡಾಕ್ಟರ ಚೀಲಕ್ಕೂ ಬಂತು. ಎತ್ತು ಕುಂಟುತ್ತಿದೆ, ಹಸುವಿಗೆ ಕೆಚ್ಚಲು ಬಾವು, ಜ್ವರ, ಮೇಲೇಳಲು ಆಗುತ್ತಿಲ್ಲ, ಯಾವುದಕ್ಕಾದರೂ ಒಂದು ಇಂಜೆಕ್ಷನ್. ಸಾಕಿದ ಪ್ರಾಣಿ ನರಳುವುದನ್ನು ನೋಡಲಾಗದೆ ಕೊಡಿಸಿದ ಮದ್ದು ಅದು. ಮುದಿ ದನಗಳು ಕೊಟ್ಟಿಗೆಯಲ್ಲೇ, ಗೋಶಾಲೆಯಲ್ಲೇ ಕೊನೆಯುಸಿರೆಳೆಯುವ ದೇಶ ನಮ್ಮದು, ಹಾಗಾಗಿ ಸಾಯುವ ಎರಡು ಮೂರು ದಿನದ ಮುಂಚೆ ಸೂಜಿ ಚುಚ್ಚಿಸಿಕೊಂಡ ದನಗಳು ಸಾಕಷ್ಟು ಇದ್ದವು. ಆ ಮೈಯಲ್ಲಿ ಮದ್ದು ಇನ್ನೂ ಕರಗಿರುವುದಿಲ್ಲ. ರಣಹದ್ದಿನ ಹೊಟ್ಟೆ ಕೊಳೆತ ಮಾಂಸದ ರೋಗಾಣುಗಳನ್ನು ಸುಟ್ಟುಹಾಕುವಷ್ಟು ಗಟ್ಟಿ, ಆದರೆ ಅದರ ಮೂತ್ರಪಿಂಡಕ್ಕೆ ಈ ನೋವಿನ ಮದ್ದನ್ನು ತಾಳಲು ಆಗಲಿಲ್ಲ. ಹೊಟ್ಟೆ ತುಂಬ ಒಂದು ಊಟ, ಕೆಲವೇ ದಿನ, ಅಷ್ಟೇ.

ಎಲ್ಲ ದನಗಳಿಗೂ ಇಂಜೆಕ್ಷನ್ ಕೊಟ್ಟಿರುವುದಿಲ್ಲವಲ್ಲ, ಅಷ್ಟಕ್ಕೇ ಹೇಗೆ ಇಡೀ ಕುಲ ಹೋಯಿತು ಅಂತ ಕೇಳಬಹುದು. ಒಂದು ಹೆಣದ ಮೇಲೆ ಹತ್ತಾರು ಹಕ್ಕಿ ಇಳಿಯುತ್ತವೆ. ಐದು ವರ್ಷ ದಾಟಿದ ಮೇಲೆ ಜೋಡಿಯಾಗುವ, ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಇದು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಷ್ಟು ದೊಡ್ಡ ಕುಸಿತಕ್ಕೆ ಸಾಕು ಅಂತ ಲೆಕ್ಕ ಹಾಕಿದವರು ತೋರಿಸಿದರು. 2004-05ರಲ್ಲಿ ನಮ್ಮ ದೇಶದಲ್ಲಿ ಸತ್ತ ದನಗಳ ಪಿತ್ತಜನಕಾಂಗ ಪರೀಕ್ಷೆ ಮಾಡಿದಾಗ ಡೈಕ್ಲೋಫಿನಾಕ್ ಸಿಕ್ಕಿದ್ದು ನೂರರಲ್ಲಿ ಹತ್ತರಲ್ಲಿ.

ಇಲ್ಲಿ ಇನ್ನೊಂದು ಘಟನೆ ನೆನಪಾಗುತ್ತದೆ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಹತ್ತಿರ 2012ರಲ್ಲಿ ಅಮುರ್ ಫಾಲ್ಕನ್ ಎಂಬ ಪುಟ್ಟ ವಲಸೆ ಡೇಗೆಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಕೊಲ್ಲುವ ಚಿತ್ರಗಳು ಹೊರಬಂದವು. ಇಡೀ ಜಗತ್ತು ಬೊಬ್ಬೆ ಹಾಕಿತು. ಪಾಂಗ್ತಿ ಮತ್ತು ಸುತ್ತಲಿನ ಊರವರೇ ಕೂತು ತೀರ್ಮಾನ ಮಾಡಿದರು, ಮರುವರ್ಷವೇ ಬೇಟೆ ನಿಂತಿತು. ಒಂದೇ ವರ್ಷ! ಅಲ್ಲಿ ಬಲೆ ಕಣ್ಣಿಗೆ ಕಾಣುತ್ತಿತ್ತು, ಹಾಕಿದ ಕೈಯೂ ಕಾಣುತ್ತಿತ್ತು. ರಣಹದ್ದಿನ ವಿಷಯದಲ್ಲಿ ಬೈಯಲು ಯಾರನ್ನು ಹುಡುಕೋದು? ಕಾಯಿಲೆ ಬಿದ್ದ ಹಸುವಿಗೆ ಮದ್ದು ಕೊಡಿಸಿದ ರೈತನನ್ನಾ?

ಹಕ್ಕಿಗಳು ಹೋದ ಮೇಲೆ ಹೆಣಗಳು ಹಾಗೇ ಉಳಿದವು. ಆ ಜಾಗಕ್ಕೆ ನಾಯಿಗಳು ಬಂದವು. ನಾಯಿ ತಿನ್ನುತ್ತದೆ ನಿಜ, ಆದರೆ ಪೂರ್ತಿ ಮುಗಿಸುವುದಿಲ್ಲ, ಸಾಲದ್ದಕ್ಕೆ ಮರಿ ಹಾಕುತ್ತದೆ, ಕಚ್ಚುತ್ತದೆ, ರೇಬಿಸ್ ಹರಡುತ್ತದೆ. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಓದಿ ನಾನಂತೂ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಮೊದಲು ರಣಹದ್ದು ಹೇರಳವಾಗಿದ್ದ ಜಿಲ್ಲೆಗಳನ್ನೂ ಮೊದಲಿಂದಲೂ ಕಡಿಮೆ ಇದ್ದ ಜಿಲ್ಲೆಗಳನ್ನೂ ಅವರು ಹೋಲಿಸಿ ನೋಡಿದರು. ಹಕ್ಕಿ ಕಳಕೊಂಡ ಕಡೆ ಜನರ ಸಾವಿನ ಪ್ರಮಾಣ ಶೇ. 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರ ಒಳಗೆ ಹೀಗೆ ಹೆಚ್ಚುವರಿಯಾಗಿ ಸತ್ತವರು ಸುಮಾರು 5 ಲಕ್ಷ ಅನ್ನುವುದು ಅವರ ಅಂದಾಜು. ಇದು ಅಂದಾಜೇ, ಹೆಣ ಎಣಿಸಿದ ಲೆಕ್ಕವಲ್ಲ. ಅದರಲ್ಲಿ ಅರ್ಧ ಅಂದುಕೊಂಡರೂ ಸಣ್ಣ ಸಂಖ್ಯೆಯಾ? ಮುಂಬೈನ ಪಾರ್ಸಿಗಳ ಕಷ್ಟ ಬೇರೆ ಥರದ್ದು. ಹೆಣವನ್ನು ರಣಹದ್ದಿಗೆ ಒಪ್ಪಿಸುವುದು ಅವರ ಹಿರಿಯರಿಂದ ಬಂದ ಪದ್ಧತಿ. ಹಕ್ಕಿಯೇ ಬರದಿದ್ದಾಗ ಹೆಣ ಒಣಗಿಸಲು ಬಿಸಿಲನ್ನು ಒಂದೆಡೆ ಸೇರಿಸುವ ಕನ್ನಡಿಗಳನ್ನು ಇಡಬೇಕಾಯಿತು.

ಸರ್ಕಾರ 2006ರಲ್ಲಿ ದನಗಳಿಗೆ ಕೊಡುವ ಡೈಕ್ಲೋಫಿನಾಕ್ ತಯಾರಿಕೆ ನಿಲ್ಲಿಸಿತು. ಅದೇ ವರ್ಷ ನೇಪಾಳ, ಪಾಕಿಸ್ತಾನವೂ ನಿಲ್ಲಿಸಿದವು. ಮೆಲಾಕ್ಸಿಕಾಮ್ ಎಂಬ ಇನ್ನೊಂದು ನೋವಿನ ಮದ್ದು ರಣಹದ್ದಿಗೆ ತೊಂದರೆ ಮಾಡುವುದಿಲ್ಲ ಅಂತಲೂ ಗೊತ್ತಾಗಿತ್ತು. ಕತೆ ಅಲ್ಲಿಗೆ ಮುಗಿಯಬೇಕಿತ್ತು ತಾನೇ? ಆದರೆ ಮನುಷ್ಯರ ಡೈಕ್ಲೋಫಿನಾಕ್ ಅಂಗಡಿಯಲ್ಲಿ ಇದ್ದೇ ಇತ್ತು, ಅದೂ 30 ಮಿಲೀ ಬಾಟಲಿಯಲ್ಲಿ. ಮನುಷ್ಯನಿಗೆ ಒಂದು ಸಲಕ್ಕೆ 3 ಮಿಲೀ ಸಾಕು. ಹಾಗಾದರೆ ಅಷ್ಟು ದೊಡ್ಡ ಬಾಟಲಿ ಯಾರಿಗೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಆ ಬಾಟಲಿಯನ್ನು 3 ಮಿಲೀಗೆ ಇಳಿಸಲು 2015 ಬರಬೇಕಾಯಿತು. ಅದರ ಮೇಲೂ ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಬೇರೆ ಮದ್ದುಗಳು ಆ ಜಾಗ ಹಿಡಿದಿದ್ದವು. ಅಸಿಕ್ಲೋಫಿನಾಕ್ ಹಸುವಿನ ಮೈಯೊಳಗೆ ಹೋಗುತ್ತಿದ್ದಂತೆ ಡೈಕ್ಲೋಫಿನಾಕ್ ಆಗಿಯೇ ಬದಲಾಗುತ್ತದೆ, ಅಂದರೆ ಹೊಸ ಹೆಸರಿನಲ್ಲಿ ಹಳೇ ವಿಷ. ಕೀಟೋಪ್ರೊಫೆನ್ ಕೂಡ ರಣಹದ್ದನ್ನು ಕೊಲ್ಲುತ್ತದೆ. ಇವೆರಡನ್ನೂ ದನಗಳಿಗೆ ಕೊಡಬಾರದು ಅಂತ ಆದೇಶ ಬಂದದ್ದು 2023ರ ಜುಲೈಯಲ್ಲಿ. ನಿಮೆಸುಲೈಡ್ ಸರದಿ ಬಂದದ್ದು 2024ರ ಡಿಸೆಂಬರ್ ಕೊನೆಗೆ. ಮದ್ದು ಮಾರುಕಟ್ಟೆಗೆ ಬರುವುದು ಮೊದಲು, ಹಕ್ಕಿ ಸಾಯುವುದು ಆಮೇಲೆ, ಪುರಾವೆ ಸೇರಿಸುವುದು ಅದಾದ ಮೇಲೆ, ನಿಷೇಧ ಎಲ್ಲಕ್ಕಿಂತ ಕೊನೆಗೆ. ದನಕ್ಕೆ ಕೊಡುವ ಯಾವುದೇ ಹೊಸ ನೋವಿನ ಮದ್ದನ್ನು ಮಾರುವ ಮುಂಚೆಯೇ ರಣಹದ್ದಿಗೆ ಆಗುತ್ತದಾ ಅಂತ ಪರೀಕ್ಷಿಸಬೇಕು ಅಂತ ಹಕ್ಕಿ ತಜ್ಞರು ಹೇಳುತ್ತಲೇ ಬಂದಿದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಇನ್ನೊಂದು ತಮಾಷೆ ಕೇಳಿ. ಇಲ್ಲಿ ಇಷ್ಟೆಲ್ಲ ಆದ ಮೇಲೆ, 2013ರಲ್ಲಿ, ಸ್ಪೇನ್ ದೇಶ ದನಗಳಿಗೆ ಡೈಕ್ಲೋಫಿನಾಕ್ ಕೊಡಲು ಅನುಮತಿ ಕೊಟ್ಟಿತು. ಯುರೋಪಿನ ಬಹುಪಾಲು ರಣಹದ್ದುಗಳು ಇರುವುದೇ ಆ ದೇಶದಲ್ಲಿ!

ಇದು ಬರೀ ರಣಹದ್ದಿನ ಪಾಡು ಕೂಡ ಅಲ್ಲ. ರಾಜಸ್ಥಾನದಲ್ಲಿ ದನದ ಹೆಣ ತಿಂದ ಸ್ಟೆಪಿ ಗಿಡುಗಗಳು, ಅಂದರೆ ಚಳಿಗಾಲಕ್ಕೆ ಉತ್ತರದಿಂದ ಬರುವ ದೊಡ್ಡ ಗಿಡುಗಗಳು, ಸತ್ತಾಗ ಅವುಗಳ ಮೈಯಲ್ಲೂ ಡೈಕ್ಲೋಫಿನಾಕ್ ಸಿಕ್ಕಿತ್ತು.

ಕರ್ನಾಟಕದಲ್ಲಿ ರಣಹದ್ದು ಅಂದ ಕೂಡಲೇ ರಾಮನಗರ ನೆನಪಾಗುತ್ತದೆ. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಜಾಗವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದರು. ದೇಶದಲ್ಲಿ ಇಂಥದ್ದು ಅದೇ ಮೊದಲು. ಉದ್ದ ಕೊಕ್ಕಿನ ರಣಹದ್ದು ಮರದಲ್ಲಲ್ಲ, ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಮಾಡುತ್ತದೆ, ಅದಕ್ಕೆ ಆ ಬೆಟ್ಟ ಹೇಳಿ ಮಾಡಿಸಿದ ಹಾಗಿದೆ. ಆದರೆ ಅಲ್ಲಿ ಉಳಿದಿರುವುದು ಬೆರಳಲ್ಲಿ ಎಣಿಸುವಷ್ಟು. ಬೆಟ್ಟಕ್ಕೆ ಬೇಲಿ ಹಾಕಬಹುದು. ಊಟ ಹುಡುಕಿ ನೂರು ಕಿಲೋಮೀಟರ್ ಹಾರುವ ಹಕ್ಕಿ ಬೇಲಿಯಾಚೆ ಯಾವ ದನದ ಮೇಲೆ ಇಳಿಯುತ್ತದೋ ಯಾರು ಕಾಯುತ್ತಾರೆ? ಬಂಡೀಪುರ, ನಾಗರಹೊಳೆ, ಅದಕ್ಕೆ ಅಂಟಿಕೊಂಡ ಮೊಯಾರ್ ಕಣಿವೆ ಕಡೆ ಪರಿಸ್ಥಿತಿ ಸ್ವಲ್ಪ ವಾಸಿ. ಅಲ್ಲಿ ಹುಲಿ, ಕೆನ್ನಾಯಿ ಹೊಡೆದು ಬಿಟ್ಟ ಜಿಂಕೆ, ಕಾಟಿ ಸಿಗುತ್ತವೆ. ಕಾಡಿನ ಜಿಂಕೆಗೆ ಯಾರೂ ಇಂಜೆಕ್ಷನ್ ಕೊಡುವುದಿಲ್ಲವಲ್ಲ.

ಇನ್ನೊಂದು ದಾರಿ, ಸಾಕಿ ಬಿಡುವುದು. ಹರಿಯಾಣದ ಪಿಂಜೋರಿನಲ್ಲಿ 2004ರಿಂದ ರಣಹದ್ದುಗಳ ಮರಿ ಮಾಡಿಸುತ್ತಿದ್ದಾರೆ, ಆ ಕೇಂದ್ರಕ್ಕೆ ಜಟಾಯುವಿನ ಹೆಸರಿಟ್ಟಿದ್ದಾರೆ. ವರ್ಷಕ್ಕೊಂದು ಮೊಟ್ಟೆಯ ಹಕ್ಕಿಯನ್ನು ನೂರಾರು ಮಾಡಿಕೊಳ್ಳುವುದು ಎಷ್ಟು ತಾಳ್ಮೆಯ ಕೆಲಸ ಊಹಿಸಿ. ಅಲ್ಲಿ ಬೆಳೆದ ಕೆಲವನ್ನು ಮಹಾರಾಷ್ಟ್ರದ ಪೆಂಚ್, ತಡೋಬಾ ಕಾಡುಗಳಿಗೆ ತಂದು, ಬೆನ್ನಿಗೆ ಜಿಪಿಎಸ್ ಕಟ್ಟಿ, 2024ರಲ್ಲಿ ಹೊರಗೆ ಬಿಟ್ಟರು. ತಡೋಬಾದಲ್ಲಿ ಬಿಟ್ಟ ಒಂದು ಹಕ್ಕಿ ರಾಜ್ಯದಿಂದ ರಾಜ್ಯಕ್ಕೆ ಸಾವಿರಾರು ಕಿಲೋಮೀಟರ್ ಹಾರಿ, ತಮಿಳುನಾಡಿನ ಪುದುಕ್ಕೋಟೆ ತನಕ ಹೋಯಿತು. ಅಲ್ಲಿ ಅದು ಸತ್ತದ್ದು ಕರೆಂಟ್ ತಂತಿ ತಗುಲಿ.